ಸ್ವನಿರ್ಮಿತ ವಿಮಾನಗಳ ಗುರುತು ಫಲಕ

ಕಾರ್ಖಾನೆಯ ನೆರವಿಲ್ಲದೆ, ಹವ್ಯಾಸಿಯೊಬ್ಬನು ತನ್ನ ಮನೆಯ ಶೆಡ್ಡಿನಲ್ಲಿ ಸ್ವಹಸ್ತದಿಂದ ಕಟ್ಟಿದ ವಿಮಾನದ ಒಡಲಿಗೆ ಶಾಶ್ವತವಾಗಿ ಜೋಡಿಸತಕ್ಕ, ನಿರ್ಮಾತೃವಿನ ಹೆಸರು, ಮಾದರಿ, ಕ್ರಮಸಂಖ್ಯೆ ಈ ಮೂರನ್ನು ಅಳಿಯದ ಅಕ್ಷರಗಳಲ್ಲಿ ಹೊತ್ತಿರುವ, ಅಗ್ನಿಗೆ ಜಗ್ಗದ ಚಿಕ್ಕ ಲೋಹಫಲಕ. ಅಂಗೈಯಲ್ಲಿ ಅಡಗಬಹುದಾದ ಈ ತಗಡು ವಿಮಾನದ ಹಾರಾಟಕ್ಕೆ ಯಾವ ಬಲವನ್ನೂ ಕೊಡುವುದಿಲ್ಲ. ಆದರೂ ಅದಿಲ್ಲದೆ ವಿಮಾನಕ್ಕೆ ಹಾರಾಟದ ಅರ್ಹತಾಪತ್ರ ದೊರೆಯುವುದಿಲ್ಲ. ಸಾವಿರಾರು ಬಿಡಿಭಾಗಗಳ ಸಮೂಹವೊಂದನ್ನು ಕಾನೂನಿನ ದೃಷ್ಟಿಯಲ್ಲಿ ಒಂದೇ ವ್ಯಕ್ತಿತ್ವವುಳ್ಳ ವಸ್ತುವನ್ನಾಗಿ ಮಾಡುವುದೂ, ಆ ವಸ್ತುವಿಗೆ ಯಾರು ಹೊಣೆಯೆಂಬುದನ್ನು ಬಹಿರಂಗವಾಗಿ ಸಾರುವುದೂ ಈ ಫಲಕದ ಪ್ರಯೋಜನ. ಸ್ವನಿರ್ಮಿತ ವಿಮಾನಗಳ ಕಲೆ ಹೆಚ್ಚು ವಿಸ್ತಾರವಾಗಿ ಬೆಳೆದಿರುವ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ಸಂಬಂಧಿಸಿದ ನಿಯಮಗಳು ವಿಶದವಾಗಿ ರೂಪುಗೊಂಡಿರುವುದರಿಂದ ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ಆ ದೇಶದ ಪದ್ಧತಿಯನ್ನು ನಿರೂಪಿಸಿದೆ.

ಹಿನ್ನೆಲೆ: ವಿಮಾನವಿದ್ಯೆಯ ಆರಂಭಕಾಲದಲ್ಲಿ ಎಲ್ಲ ವಿಮಾನಗಳೂ ಸ್ವನಿರ್ಮಿತಗಳೇ ಆಗಿದ್ದವು. ಬ್ರೆಜಿಲ್ ದೇಶದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದ ಆಲ್ಬರ್ಟೊ ಸ್ಯಾಂಟೋಸ್-ಡ್ಯೂಮಾಂಟನು ತನ್ನ ಡೆಮ್ವಾಸೆಲ್ ಎಂಬ ಪುಟ್ಟ ವಿಮಾನದ ಹಕ್ಕನ್ನು ಕಾದಿರಿಸಿಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟನು. ಅದರ ನಕ್ಷೆಗಳು 1910ರಲ್ಲಿ ಅಮೆರಿಕದ ಜನಪ್ರಿಯ ಯಂತ್ರವಿದ್ಯಾ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಕುಶಲಿಗಳಾದ ಸಾಮಾನ್ಯರೂ ವಿಮಾನ ಕಟ್ಟುವ ಸಾಹಸಕ್ಕೆ ಕೈಹಾಕಲು ಪ್ರೇರಣೆಯಾದವು. 1929ರಲ್ಲಿ ಮಿನೆಸೋಟ ಪ್ರಾಂತದ ಬರ್ನಾರ್ಡ್ ಪೀಟನ್‌ಪೋಲನು ಫೋರ್ಡ್ ಮೋಟಾರು ಕಾರಿನ ಎಂಜಿನ್ನನ್ನೇ ಅಳವಡಿಸಿ ಮರದ ಚೌಕಟ್ಟಿನ ಏರ್ ಕ್ಯಾಂಪರ್ ವಿಮಾನವನ್ನು ಹಾರಿಸಿದನು. 1930ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಮಿಂಞೆಯು ರಚಿಸಿದ, ಹಾರುವ ಚಿಗಟವೆಂದು ಹೆಸರಾದ ವಿಮಾನವು ಯೂರೋಪಿನಲ್ಲೆಲ್ಲ ಹವ್ಯಾಸಿಗಳ ಮನಸ್ಸನ್ನು ಸೆರೆಹಿಡಿಯಿತು. ಆದರೆ ಅದರಿಂದ ಮಾರಕವಾದ ಅಪಘಾತಗಳು ಸಂಭವಿಸಿ, ಹಲವು ಸರ್ಕಾರಗಳು ಅದರ ಹಾರಾಟವನ್ನು ತಡೆಯಬೇಕಾಯಿತು. ಹವ್ಯಾಸಿಯ ಸ್ವಾತಂತ್ರ್ಯಕ್ಕೂ ಸಾರ್ವಜನಿಕರ ಸುರಕ್ಷತೆಗೂ ನಡುವೆ ಒಂದು ಮರ್ಯಾದೆಯ ರೇಖೆಯನ್ನು ಎಳೆಯಬೇಕೆಂಬ ಅರಿವು ಇಂಥ ಅನುಭವಗಳಿಂದ ಮೂಡಿತು.

ಅಮೆರಿಕದಲ್ಲಿಯೂ 1930ರ ದಶಕದ ಕಟ್ಟುನಿಟ್ಟಿನ ಕಾನೂನುಗಳು ಗೃಹನಿರ್ಮಿತ ವಿಮಾನಗಳ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿದ್ದವು. ದ್ವಿತೀಯ ಮಹಾಯುದ್ಧದ ತರುವಾಯ ಆರೆಗನ್ ಪ್ರಾಂತದ ಜಾರ್ಜ್ ಬೊಗಾರ್ಡಸನು ಲಿಟಲ್ ಜೀ ಬೀ ಎಂಬ ತನ್ನ ಸಣ್ಣ ವಿಮಾನದಲ್ಲಿ ಖಂಡದ ಒಂದು ಅಂಚಿನಿಂದ ಮತ್ತೊಂದು ಅಂಚಿನವರೆಗೆ ಹಾರಿ, ವಾಷಿಂಗ್ಟನ್ನಿನ ಅಧಿಕಾರಿಗಳ ಮುಂದೆ ಹವ್ಯಾಸಿಗಳ ಪರವಾಗಿ ವಾದಿಸಿದನು. ಮನೆಯಲ್ಲಿ ಕಟ್ಟಿದ ಯಂತ್ರವೂ ನಂಬಿಕೆಗೆ ಅರ್ಹವೆಂಬುದಕ್ಕೆ ಅವನ ಪಯಣವೇ ಪ್ರಮಾಣವಾಯಿತು. 1950ರ ದಶಕದ ಆರಂಭದಲ್ಲಿ ಹವ್ಯಾಸಿ ನಿರ್ಮಿತ ಪ್ರಾಯೋಗಿಕ ವಿಮಾನಗಳೆಂಬ ಪ್ರತ್ಯೇಕ ವರ್ಗವು ಮಾನ್ಯತೆ ಪಡೆಯಿತು. 1953ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿಯು ವಿಸ್ಕಾನ್ಸಿನ್ ಪ್ರಾಂತದಲ್ಲಿ ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘವು ಈ ಚಳವಳಿಯ ಕೇಂದ್ರವಾಗಿ ಬೆಳೆಯಿತು. 1970ರಿಂದ ಓಷ್ಕೋಷ್ ಪಟ್ಟಣದಲ್ಲಿ ನಡೆಯುತ್ತ ಬಂದಿರುವ ಅದರ ವಾರ್ಷಿಕ ಮೇಳವು ಜಗತ್ತಿನ ಹವ್ಯಾಸಿಗಳೆಲ್ಲರಿಗೂ ಯಾತ್ರಾಸ್ಥಳವಾಗಿದೆ. ಬರ್ಟ್ ರಟಾನನ ಫೈಬರ್‌ಗ್ಲಾಸ್ ವಿಮಾನಗಳೂ, ಬಿಡಿಭಾಗಗಳ ಕಟ್ಟಿನಿಂದ, ಅಂದರೆ ಕಿಟ್ಟಿನಿಂದ, ಜೋಡಿಸುವ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ನನ ಅಲ್ಯುಮಿನಿಯಂ ವಿಮಾನಗಳೂ ಈ ಕಲೆಯನ್ನು ಸಾವಿರಾರು ಮನೆಗಳಿಗೆ ಒಯ್ದುವು.

ಈ ವರ್ಗದ ವಿಮಾನಕ್ಕೆ ಇರುವ ಮೂಲ ನಿಬಂಧನೆಯೆಂದರೆ, ಅದರ ನಿರ್ಮಾಣದ ಅಧಿಕ ಭಾಗವನ್ನು ಸ್ವಂತ ಶಿಕ್ಷಣಕ್ಕಾಗಿಯೋ ವಿನೋದಕ್ಕಾಗಿಯೋ ಆ ಕೆಲಸವನ್ನು ಕೈಗೊಂಡ ಹವ್ಯಾಸಿಗಳೇ ಮಾಡಿರಬೇಕೆಂಬುದು. ಶೇಕಡ 51ರ ನಿಯಮವೆಂದು ಜನರ ಬಾಯಲ್ಲಿ ನಿಂತಿರುವುದು ಇದೇ. ಕಿಟ್ಟನ್ನು ಯಾವ ಸಂಸ್ಥೆ ಮಾರಿದರೂ ಕಟ್ಟಿದವನೇ ನಿರ್ಮಾತೃವೆಂಬ ತತ್ವವು ಈ ನಿಯಮದಿಂದ ಹುಟ್ಟುತ್ತದೆ; ಗುರುತು ಫಲಕದಲ್ಲಿ ಯಾರ ಹೆಸರು ಇರಬೇಕೆಂಬ ಪ್ರಶ್ನೆಗೂ ಉತ್ತರ ಇದರಲ್ಲಿಯೇ ಅಡಗಿದೆ.

ಅಂತರರಾಷ್ಟ್ರೀಯ ನಿಯಮಗಳು: ವಿಮಾನಕ್ಕೆ ಲೋಹದ ಫಲಕವೊಂದಿರಬೇಕೆಂಬ ವಿಧಿಯು 1919ರ ಪ್ಯಾರಿಸ್ ಒಡಂಬಡಿಕೆಯಷ್ಟು ಹಳೆಯದು. 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಗೆ 1949ರಲ್ಲಿ ಸೇರಿಸಿದ 7ನೆಯ ಅನುಬಂಧವು ರಾಷ್ಟ್ರೀಯತೆಯ ಮತ್ತು ನೋಂದಣಿಯ ಚಿಹ್ನೆಗಳನ್ನು ಕುರಿತದ್ದು. ಅದರ ಪ್ರಕಾರ ಪ್ರತಿಯೊಂದು ವಿಮಾನವೂ ತನ್ನ ರಾಷ್ಟ್ರದ ಹಾಗೂ ನೋಂದಣಿಯ ಚಿಹ್ನೆಗಳನ್ನು ಕೆತ್ತಿದ, ಅಗ್ನಿನಿರೋಧಕ ಲೋಹದಿಂದಲೋ ಅಂಥ ಗುಣವುಳ್ಳ ಬೇರೆ ವಸ್ತುವಿನಿಂದಲೋ ಆದ ಫಲಕವನ್ನು ಎದ್ದುಕಾಣುವ ಸ್ಥಾನದಲ್ಲಿ ಭದ್ರವಾಗಿ ಹೊಂದಿರಬೇಕು. ಬ್ರಿಟನ್ ಮೊದಲಾದ ದೇಶಗಳಲ್ಲಿ ಹವ್ಯಾಸಿಗಳ ವಿಮಾನಕ್ಕೂ ಇಂಥ ನೋಂದಣಿ ಫಲಕ ಬೇಕಾಗುತ್ತದೆ. ಅಮೆರಿಕದ ಪದ್ಧತಿ ಇದಕ್ಕಿಂತ ಕೊಂಚ ಭಿನ್ನವಾದುದು: ಅಲ್ಲಿ ಗುರುತು ಫಲಕದ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕೆಂಬ ಕಡ್ಡಾಯವಿಲ್ಲ, ನಿರ್ಮಾಣದ ವಿವರಗಳಿಗೇ ಪ್ರಾಧಾನ್ಯ. ನೋಂದಣಿ ಚಿಹ್ನೆಯು ಮಾಲಿಕನ ಇಚ್ಛೆಯಿಂದಲೋ ದೇಶಾಂತರದಿಂದಲೋ ಬದಲಾಗಬಹುದಾದದ್ದು. ನಿರ್ಮಾತೃವಿನ ಹೆಸರೂ ಕ್ರಮಸಂಖ್ಯೆಯೂ ಯಂತ್ರದ ಆಯುಷ್ಯ ಮುಗಿಯುವವರೆಗೂ ಬದಲಾಗತಕ್ಕವಲ್ಲ.

ಫಲಕದ ಮೇಲಿನ ವಿವರಗಳು: ಅಮೆರಿಕದ ಸಂಯುಕ್ತ ನಿಯಮಾವಳಿಯ 14ನೆಯ ಶೀರ್ಷಿಕೆಯ 45ನೆಯ ಭಾಗವು ಫಲಕದಲ್ಲಿ ಏನೇನಿರಬೇಕೆಂಬುದನ್ನು ವಿಧಿಸುತ್ತದೆ. ನಿರ್ಮಾತೃವಿನ ಹೆಸರು, ಮಾದರಿಯ ಹೆಸರು, ನಿರ್ಮಾತೃ ಕೊಟ್ಟ ಕ್ರಮಸಂಖ್ಯೆ, ಇವು ಸರ್ವ ವಿಮಾನಗಳಿಗೂ ಸಮಾನ. ಕಾರ್ಖಾನೆಯ ವಿಮಾನಗಳಿಗೆ ಮಾದರಿಯ ಪ್ರಮಾಣಪತ್ರದ ಮತ್ತು ಉತ್ಪಾದನೆಯ ಪ್ರಮಾಣಪತ್ರದ ಸಂಖ್ಯೆಗಳೂ ಬೇಕಾಗುತ್ತವೆ. ಹವ್ಯಾಸಿಯ ವಿಮಾನಕ್ಕೆ ಅಂಥ ಪ್ರಮಾಣಪತ್ರಗಳೇ ಇಲ್ಲದ ಕಾರಣ ಆ ಪಂಕ್ತಿಗಳು ಉದ್ಭವಿಸುವುದಿಲ್ಲ. ನಿರ್ಮಾತೃವಿನ ಸ್ಥಾನದಲ್ಲಿ ಕಿಟ್ ಮಾರಿದ ಸಂಸ್ಥೆಯ ಹೆಸರನ್ನು ಬರೆಯಕೂಡದು. ಮಾದರಿಯ ಹೆಸರನ್ನು ನಿರ್ಮಾತೃವೇ ಆರಿಸಿಕೊಳ್ಳಬಹುದು: ಕಿಟ್ಟಿನ ಪ್ರಚಲಿತ ಹೆಸರನ್ನೇ ಇಟ್ಟುಕೊಳ್ಳುವವರು ಹಲವರು, ವಿನ್ಯಾಸದಲ್ಲಿ ಮಾರ್ಪಾಟು ಮಾಡಿ ತಮ್ಮದೇ ಹೆಸರು ಕೊಡುವವರು ಕೆಲವರು. ಕ್ರಮಸಂಖ್ಯೆಯೂ ಅವನ ಇಚ್ಛೆಗೆ ಸೇರಿದ್ದು. ಕಿಟ್ಟಿನ ಅಥವಾ ನಕ್ಷೆಯ ಸಂಖ್ಯೆಯನ್ನು ಬಳಸುವುದುಂಟು, ತನ್ನ ಮೊದಲನೆಯ ಕೃತಿಯೆಂಬ ಅಭಿಮಾನದಿಂದ 001 ಎಂದು ಕೆತ್ತಿಸುವುದೂ ಉಂಟು.

ಆಯ್ಕೆಯಲ್ಲಿ ಇಷ್ಟು ಸ್ವಾತಂತ್ರ್ಯವಿದ್ದರೂ, ಒಮ್ಮೆ ಆರಿಸಿದ ಮೇಲೆ ಏಕರೂಪತೆಯಲ್ಲಿ ಕಿಂಚಿತ್ತೂ ಸಡಿಲವಿಲ್ಲ. ನೋಂದಣಿಯ ಅರ್ಜಿ, ಒಡೆತನದ ಪ್ರಮಾಣವಚನ, ಅರ್ಹತಾಪತ್ರದ ಅರ್ಜಿ, ಫಲಕ, ಈ ನಾಲ್ಕರಲ್ಲಿಯೂ ಹೆಸರು ಮತ್ತು ಸಂಖ್ಯೆಗಳು ಅಕ್ಷರಶಃ ಒಂದೇ ಆಗಿರಬೇಕು. ಮಾದರಿಯ ಹೆಸರಿನಲ್ಲಿ ಒಂದು ಅಡ್ಡಗೆರೆ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿದ್ದರೂ, ಕ್ರಮಸಂಖ್ಯೆಯ ಮುಂದಿನ ಸೊನ್ನೆಯೊಂದು ಬಿಟ್ಟುಹೋಗಿದ್ದರೂ ಪರಿಶೀಲಕನು ಅದನ್ನು ಎತ್ತಿ ತೋರಿಸುವನು. ಆದುದರಿಂದ ನೋಂದಣಿಪತ್ರವು ಕೈಸೇರಿದ ಬಳಿಕ ಅದನ್ನು ಮುಂದಿಟ್ಟುಕೊಂಡು ಫಲಕವನ್ನು ಕೆತ್ತಿಸುವುದು ವಿವೇಕಿಗಳ ಮಾರ್ಗ.

ವಸ್ತು ಮತ್ತು ಅಕ್ಷರ: ಫಲಕವು ಅಗ್ನಿನಿರೋಧಕವಾಗಿರಬೇಕೆಂಬ ವಿಧಿಯ ಹಿಂದೆ ಲೋಹಶಾಸ್ತ್ರದ ಸರಳ ಸತ್ಯವೊಂದಿದೆ. ವಿಮಾನದ ಒಡಲಿನ ಸಾಮಾನ್ಯ ವಸ್ತುವಾದ ಅಲ್ಯುಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಹೋಗುತ್ತದೆ. ವಿಮಾನದ ಭಾಗಗಳು ಅಗ್ನಿನಿರೋಧಕವೇ ಎಂಬುದನ್ನು ಪರೀಕ್ಷಿಸಲು ಬಳಸುವ ಜ್ವಾಲೆಯ ಉಷ್ಣತೆಯಾದರೋ ಸುಮಾರು 1,100 ಡಿಗ್ರಿ. ತುಕ್ಕು ಹಿಡಿಯದ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲು, 1,400 ಡಿಗ್ರಿಯ ಆಸುಪಾಸಿನವರೆಗೂ ಘನರೂಪದಲ್ಲಿಯೇ ನಿಲ್ಲುವುದರಿಂದ, ಇಂಧನವು ಹೊತ್ತಿ ಉರಿದು ಒಡಲೆಲ್ಲ ಕರಗಿದ ಮೇಲೂ ಬೂದಿಯ ನಡುವೆ ಅದು ಓದಲು ಬರುವ ಸ್ಥಿತಿಯಲ್ಲಿ ಉಳಿಯಬಲ್ಲುದು. ಈ ಕಾರಣದಿಂದಲೇ ಫಲಕಕ್ಕೆ ತೆಳುವಾದ ಸ್ಟೇನ್‌ಲೆಸ್ ಸ್ಟೀಲಿನ ತಗಡು ರೂಢಿಗೆ ಬಂದಿದೆ.

ತಗಡು ಉಳಿದರೆ ಸಾಲದು, ಅಕ್ಷರವೂ ಉಳಿಯಬೇಕು. ಬಣ್ಣದಿಂದ ಬರೆದದ್ದಾಗಲಿ, ಮೇಲ್ಮೈಯಲ್ಲಿ ಮುದ್ರಿಸಿದ್ದಾಗಲಿ, ಅಂಟುಚೀಟಿಯಾಗಲಿ ಬೆಂಕಿಯಲ್ಲಿ ಮಾಯವಾಗುವುದರಿಂದ ನಿಯಮವು ಲೋಹದೊಳಕ್ಕೆ ಇಳಿದ ಅಕ್ಷರವನ್ನು ಬಯಸುತ್ತದೆ. ರಾಸಾಯನಿಕದಿಂದ ಕೊರೆಯುವುದು, ಉಕ್ಕಿನ ಅಚ್ಚುಗಳನ್ನು ಸುತ್ತಿಗೆಯಿಂದ ಹೊಡೆದು ಒತ್ತುವುದು, ಯಂತ್ರದಿಂದ ಕೆತ್ತುವುದು, ಈ ಮೂರೂ ಮಾನ್ಯ ವಿಧಾನಗಳು. ಇವಲ್ಲದೆ ಅಧಿಕಾರಿಗಳು ಒಪ್ಪಿದ ಅನ್ಯ ಅಗ್ನಿನಿರೋಧಕ ವಿಧಾನಕ್ಕೂ ಅವಕಾಶವಿದೆ. ಪಂಕ್ತಿಗಳ ಶೀರ್ಷಿಕೆಗಳನ್ನು ಮುಂಚೆಯೇ ಕೊರೆದಿಟ್ಟ ಖಾಲಿ ಫಲಕಗಳು ವಿಮಾನಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುತ್ತವೆ. ನಿರ್ಮಾತೃ ಅದನ್ನು ಗಟ್ಟಿಯಾದ ಉಕ್ಕಿನ ದಿಂಡಿನ ಮೇಲೆ ಬಿಗಿದು, ನೇರವಾದ ಪಟ್ಟಿಯೊಂದನ್ನು ಆಸರೆಯಾಗಿಟ್ಟು, ಪ್ರತಿ ಅಕ್ಷರಕ್ಕೂ ಒಂದೇ ಹದವಾದ ಏಟು ಕೊಟ್ಟು ತನ್ನ ಹೆಸರನ್ನು ತಾನೇ ಮೂಡಿಸಬಹುದು. ಸ್ಟೇನ್‌ಲೆಸ್ ಸ್ಟೀಲು ಗಡಸು ಲೋಹವಾದ್ದರಿಂದ ಎರಡನೆಯ ಏಟಿಗೆ ಅಚ್ಚು ಜಾರಿ ಅಕ್ಷರ ಇಮ್ಮಡಿಯಾಗುವ ಭಯವುಂಟು. ಅನುಪಯುಕ್ತ ತಗಡಿನ ಮೇಲೆ ಮೊದಲು ಅಭ್ಯಾಸಮಾಡುವುದು ಕ್ಷೇಮಕರ.

ಸ್ಥಾನ: ಫಲಕವು ವಿಮಾನದ ಹೊರಮೈಯಲ್ಲಿ, ಹಿಂದುಗಡೆಯ ಕೊನೆಯ ಪ್ರವೇಶದ್ವಾರಕ್ಕೆ ತಗುಲಿ ಅದರ ಹಿಂಭಾಗದಲ್ಲಾಗಲಿ, ಬಾಲದ ರೆಕ್ಕೆಗಳ ಬಳಿ ಒಡಲಿನ ಮೇಲಾಗಲಿ ಇದ್ದು, ನೆಲದ ಮೇಲೆ ನಿಂತವನು ಓದಲು ಬರುವಂತಿರಬೇಕು. ಹಿಂದೆ ಇದನ್ನು ವಿಮಾನದ ಒಳಗಡೆ ಇಡುವುದಕ್ಕೂ ಎಡೆಯಿತ್ತು. ಮಾದಕ ದ್ರವ್ಯಗಳ ಕಳ್ಳಸಾಗಾಣಿಕೆಗೆ ಸಣ್ಣ ವಿಮಾನಗಳು ಬಳಕೆಯಾಗುತ್ತ, ಹೊರಮೈಯ ನೋಂದಣಿ ಸಂಖ್ಯೆಯನ್ನು ಬಣ್ಣ ಬಳಿದು ಬದಲಿಸುವ ವಂಚನೆ ನಡೆಯುತ್ತಿದ್ದಾಗ, ಬೀಗ ಹಾಕಿದ ವಿಮಾನವನ್ನೂ ಅಧಿಕಾರಿಗಳು ಹೊರಗಿನಿಂದಲೇ ಗುರುತಿಸಬಲ್ಲವರಾಗಬೇಕೆಂಬ ಉದ್ದೇಶದಿಂದ ನಿಯಮವನ್ನು ತಿದ್ದಲಾಯಿತು. 1988ರ ಮಾರ್ಚ್ 7ಕ್ಕೆ ಮುಂಚೆ ನಿರ್ಮಾಣವಾದ ವಿಮಾನಗಳಲ್ಲಿ ಮಾತ್ರ ಫಲಕವು ಪ್ರವೇಶದ್ವಾರದ ಬಳಿ ಒಳಗಡೆಯೇ ಇರಬಹುದು. ಆದರೆ ಆಗ ಮಾದರಿಯ ಹೆಸರನ್ನೂ ಕ್ರಮಸಂಖ್ಯೆಯನ್ನೂ ಒಡಲಿನ ಹೊರಮೈಯಲ್ಲಿ ಪ್ರತ್ಯೇಕವಾಗಿ ತೋರಿಸತಕ್ಕದ್ದು. ಬಹುಮಂದಿ ಹವ್ಯಾಸಿಗಳು ಒಡಲಿನ ಎಡಪಕ್ಕದಲ್ಲಿ, ಅಡ್ಡ ಬಾಲರೆಕ್ಕೆಯ ಕೆಳಗಿನ ಜಾಗವನ್ನು ಆರಿಸಿಕೊಳ್ಳುವರು; ಅಲ್ಲಿ ಫಲಕವು ನೋಟದ ಅಂದವನ್ನು ಕೆಡಿಸದೆ, ಎಂಜಿನ್ನಿನ ಹೊಗೆಗೂ ಕಾಲ್ತುಳಿತಕ್ಕೂ ಸಿಕ್ಕದೆ ಇರುತ್ತದೆ. ನೆಲದಲ್ಲಿ ಬಿದ್ದ ವಿಮಾನದ ಮುಂಭಾಗ ನುಚ್ಚುನೂರಾದಾಗಲೂ ಬಾಲದ ಭಾಗ ಎಷ್ಟೋ ವೇಳೆ ಉಳಿದುಕೊಳ್ಳುವುದೆಂಬುದೂ ಈ ಸ್ಥಾನದ ಒಂದು ಗುಣ.

ಜೋಡಣೆ: ನಿತ್ಯದ ಬಳಕೆಯಲ್ಲಿ ಮಾಸದಂತೆಯೂ ಕಳಚದಂತೆಯೂ, ಅಪಘಾತದಲ್ಲಿ ಕಳೆದುಹೋಗದಂತೆಯೂ ನಾಶವಾಗದಂತೆಯೂ ಫಲಕವನ್ನು ಭದ್ರಪಡಿಸಬೇಕೆಂದಷ್ಟೇ ಕಾನೂನು ಹೇಳುತ್ತದೆ, ಉಪಾಯವನ್ನು ನಿರ್ಮಾತೃವಿನ ವಿವೇಚನೆಗೆ ಬಿಟ್ಟಿದೆ. ಅಲ್ಯುಮಿನಿಯಂ ಒಡಲಿನ ವಿಮಾನದಲ್ಲಿ ನಾಲ್ಕು ಮೂಲೆಗಳಿಗೆ ನಾಲ್ಕು ರಿವೆಟ್ ಹೊಡೆಯುವುದು ಸಾಮಾನ್ಯ ಕ್ರಮ. ಕೆಲಸ ಚಿಕ್ಕದಾದರೂ ಅದರಲ್ಲಿ ವಿಮಾನಶಿಲ್ಪದ ಶಿಸ್ತೆಲ್ಲ ಬೇಕಾಗುತ್ತದೆ. ಮೊದಲು ಆ ಜಾಗದ ಒಳಬದಿಯಲ್ಲಿ ಏನಿದೆಯೆಂಬುದನ್ನು ನೋಡಿಕೊಳ್ಳಬೇಕು. ಬಾಲವನ್ನು ಆಡಿಸುವ ತಂತಿಹಗ್ಗಗಳೂ ಸರಳುಗಳೂ ವಿದ್ಯುತ್ತಂತಿಗಳೂ ಅಲ್ಲಿಯೇ ಹಾದುಹೋಗುವುದರಿಂದ, ಡ್ರಿಲ್ಲಿನ ಮೊನೆಯಾಗಲಿ ರಿವೆಟ್ಟಿನ ಬಾಲವಾಗಲಿ ಅವುಗಳನ್ನು ಸೋಕಕೂಡದು. ಬಳಿಕ ಫಲಕವನ್ನು ಟೇಪಿನಿಂದ ಅಂಟಿಸಿ, ಮಟ್ಟ ನೋಡಿ, ಒಂದು ರಂಧ್ರವನ್ನು ಕೊರೆದು ಅದಕ್ಕೆ ತಾತ್ಕಾಲಿಕ ಹಿಡಿಕೆ ಸಿಕ್ಕಿಸಿ, ಕರ್ಣರೇಖೆಯ ಇನ್ನೊಂದು ಮೂಲೆಯನ್ನು ಕೊರೆಯಬೇಕು. ಹೀಗೆ ಮಾಡಿದರೆ ಫಲಕ ಸರಿಯುವುದಿಲ್ಲ. ರಂಧ್ರದ ಕೇಂದ್ರವು ತಗಡಿನ ಅಂಚಿನಿಂದ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ಒಳಗಿರಬೇಕೆಂಬುದು ವಿಮಾನಕಾರರ ಸರ್ವಸಮ್ಮತ ಸೂತ್ರ. ಕೊರೆದ ಪ್ರತಿ ರಂಧ್ರದ ಸುತ್ತಲಿನ ಒರಟು ಅಂಚನ್ನು ತೆಗೆದು ನುಣುಪುಗೊಳಿಸದಿದ್ದರೆ ಮುಂದೆ ಅಲ್ಲಿಂದಲೇ ಬಿರುಕು ಹೊರಡಬಹುದು.

ಉಕ್ಕೂ ಅಲ್ಯುಮಿನಿಯಂ ತಗಡೂ ನೇರವಾಗಿ ತಾಗಿಕೊಂಡಿರುವೆಡೆ ತೇವ ಸೇರಿತೆಂದರೆ ಅವೆರಡರ ನಡುವೆ ಸೂಕ್ಷ್ಮವಾದ ವಿದ್ಯುತ್ಪ್ರವಾಹ ಹುಟ್ಟಿ, ಮೃದುವಾದ ಅಲ್ಯುಮಿನಿಯಂ ಕ್ರಮೇಣ ಸವೆಯುತ್ತದೆ. ಕಡಲತೀರದ ಹವೆಯಲ್ಲಿ ಈ ಕ್ಷಯ ಇನ್ನೂ ತ್ವರಿತ. ಆದುದರಿಂದ ಒಡಲಿನ ಮೈಗೆ ರಕ್ಷಣೆಯ ಪ್ರೈಮರ್ ಬಳಿದು, ಫಲಕದ ಬೆನ್ನಿಗೆ ಸೀಲೆಂಟಿನ ತೆಳುಲೇಪ ಕೊಟ್ಟು ಜೋಡಿಸುವುದು ಉತ್ತಮ. ರಿವೆಟ್ಟೂ ಉಕ್ಕಿನದೇ ಆಗಿದ್ದರೆ ಬೆಂಕಿಯ ಸಂದರ್ಭದಲ್ಲಿ ಹೆಚ್ಚು ಭರವಸೆ. ಅಲ್ಯುಮಿನಿಯಂ ರಿವೆಟ್ ಕರಗಿದರೆ ಫಲಕ ಉಳಿದರೂ ತನ್ನ ಸ್ಥಾನದಿಂದ ಉದುರಿಬೀಳುತ್ತದೆ.

ಫೈಬರ್‌ಗ್ಲಾಸ್ ಒಡಲಿನ ವಿಮಾನಗಳಲ್ಲಿ ಸಮಸ್ಯೆ ಬೇರೆಯದು. ಎಪಾಕ್ಸಿ ಅಂಟು ಸಾಮಾನ್ಯ ದಿನಗಳಲ್ಲಿ ಎಷ್ಟೇ ದೃಢವಾಗಿದ್ದರೂ ಜ್ವಾಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಬರಿಯ ಅಂಟಿನ ಮೇಲೆ ನೆಚ್ಚದೆ, ಒಳಗಡೆ ಲೋಹದ ಆಸರೆತಗಡನ್ನು ಕೊಟ್ಟು ಸಣ್ಣ ತಿರುಪುಗಳಿಂದ ಬಿಗಿಯುವುದು ಯುಕ್ತ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಹಳೆಯ ಶೈಲಿಯ ವಿಮಾನಗಳಲ್ಲಿಯಾದರೋ ಬಟ್ಟೆಯು ಕ್ಷಣಮಾತ್ರದಲ್ಲಿ ಉರಿದುಹೋಗುವ ವಸ್ತು. ಅಲ್ಲಿ ಚೌಕಟ್ಟಿಗೆ ಕೂಡಿಕೊಂಡ ಲೋಹದ ನಾಲಗೆಯೊಂದನ್ನು ಮೊದಲೇ ಏರ್ಪಡಿಸಿ, ಹೊದಿಕೆ ಮುಗಿದ ಮೇಲೆ ಅದಕ್ಕೆ ಫಲಕವನ್ನು ಸೇರಿಸಬೇಕಾಗುತ್ತದೆ. ಬಣ್ಣದ ಕೆಲಸಕ್ಕೆ ಮುನ್ನವೇ ಫಲಕವನ್ನು ಜೋಡಿಸಿದ್ದರೆ ಅಕ್ಷರಗಳೊಳಗೆ ಬಣ್ಣ ತುಂಬದಂತೆ ಅದನ್ನು ಮುಚ್ಚಿಡುವುದನ್ನು ಮರೆಯಬಾರದು.

ಸಂಬಂಧಿಸಿದ ಇತರ ಚಿಹ್ನೆಗಳು: ಗುರುತು ಫಲಕದೊಡನೆ ಬೇರೆ ಕೆಲವು ಬರಹಗಳೂ ಹವ್ಯಾಸಿಯ ವಿಮಾನಕ್ಕೆ ಅವಶ್ಯ. ಪ್ರವೇಶದ್ವಾರದ ಬಳಿ ಪ್ರಾಯೋಗಿಕವೆಂಬ ಅರ್ಥದ ಇಂಗ್ಲಿಷ್ ಪದವು 2 ಅಂಗುಲಕ್ಕೆ ಕಡಮೆಯಿಲ್ಲದ, 6 ಅಂಗುಲಕ್ಕೆ ಮೀರದ ಎತ್ತರದ ಅಕ್ಷರಗಳಲ್ಲಿ ಇರಬೇಕು. ಈ ವಿಮಾನವು ಹವ್ಯಾಸಿ ನಿರ್ಮಿತವೆಂದೂ ಸಾಮಾನ್ಯ ವಿಮಾನಗಳಿಗೆ ವಿಧಿಸಿದ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲವೆಂದೂ ಪ್ರಯಾಣಿಕನಿಗೆ ತಿಳಿಸುವ ಎಚ್ಚರಿಕೆಯ ಫಲಕವು ಅವನ ಕಣ್ಣಿಗೆ ಬೀಳುವಂತೆ ಒಳಗಡೆ ಇರಬೇಕು. ನೋಂದಣಿ ಸಂಖ್ಯೆಯ ಅಕ್ಷರಗಳ ಎತ್ತರ ಸಾಮಾನ್ಯವಾಗಿ 12 ಅಂಗುಲ. 180 ನಾಟ್ ವೇಗವನ್ನು ಮೀರದ ಹವ್ಯಾಸಿ ವಿಮಾನಗಳಿಗೆ 3 ಅಂಗುಲದ ಅಕ್ಷರಗಳೂ ಸಾಕು. ಎಂಜಿನ್ನಿಗೂ ಪ್ರೊಪೆಲ್ಲರಿಗೂ ಅವುಗಳದೇ ಆದ ಗುರುತುಗಳಿರುತ್ತವೆ. ಅವನ್ನು ಒಡಲಿನ ಫಲಕದೊಂದಿಗೆ ಬೆರೆಸಬಾರದು.

ನಿಷೇಧಗಳು: ಒಮ್ಮೆ ಜೋಡಿಸಿದ ಫಲಕವು ಸ್ವಂತದ್ದೇ ಆದರೂ ಮನಬಂದಂತೆ ಮುಟ್ಟುವ ವಸ್ತುವಲ್ಲ. ಅಧಿಕಾರಿಗಳ ಅನುಮತಿಯಿಲ್ಲದೆ ಅದರ ಮೇಲಿನ ವಿವರಗಳನ್ನು ಅಳಿಸುವುದು, ತಿದ್ದುವುದು, ಫಲಕವನ್ನು ಕೀಳುವುದು, ಹೊಸದನ್ನು ಕೂಡಿಸುವುದು, ಎಲ್ಲವೂ ನಿಷಿದ್ಧ. ದುರಸ್ತಿಯ ಕೆಲಸಕ್ಕೆ ಅನಿವಾರ್ಯವಾದಾಗ ಮಾತ್ರ ಅರ್ಹರಾದವರು ಅದನ್ನು ತೆಗೆಯಬಹುದು. ತೆಗೆದ ಫಲಕವನ್ನು ಅದೇ ವಿಮಾನಕ್ಕಲ್ಲದೆ ಬೇರೊಂದಕ್ಕೆ ಹಾಕಕೂಡದು. ನಷ್ಟವಾದ ವಿಮಾನವೊಂದರ ಫಲಕವನ್ನೂ ಕಾಗದಪತ್ರಗಳನ್ನೂ ಕೊಂಡು, ಮತ್ತೊಂದು ಯಂತ್ರಕ್ಕೆ ಆ ಗುರುತನ್ನು ಹೊದಿಸುವ ಅಪಾಯಕರವಾದ ವ್ಯವಹಾರವನ್ನು ತಡೆಯುವುದೇ ಈ ಕಟ್ಟಳೆಯ ಆಶಯ. ವಿಮಾನ ಮಾರಾಟವಾದಾಗಲೂ ಫಲಕದಲ್ಲಿನ ಹೆಸರು ಬದಲಾಗುವುದಿಲ್ಲ: ಒಡೆಯರು ಎಷ್ಟು ಮಂದಿ ಬದಲಾದರೂ ನಿರ್ಮಾತೃ ಒಬ್ಬನೇ. ತನ್ನ ಕೈಯಿಂದ ದಾಟಿಹೋದ ಯಂತ್ರದ ಮೇಲೆ ತನ್ನ ಹೆಸರು ಚಿರಕಾಲ ನಿಲ್ಲುವುದನ್ನು ನೆನೆದು, ನ್ಯಾಯಾಲಯದ ಹೊಣೆಗಾರಿಕೆಗೆ ಅಂಜಿ ವಿಮಾನವನ್ನು ಮಾರಲು ಹಿಂಜರಿಯುವವರೂ ಅಲ್ಲಿ ಇದ್ದಾರೆ. ಹೊಣೆಯ ಜೊತೆಗೆ ಅಧಿಕಾರವೂ ಉಂಟು: ಅಧಿಕ ಭಾಗವನ್ನು ತಾನೇ ಕಟ್ಟಿದನೆಂದು ತೋರಿಸಿಕೊಟ್ಟ ಮುಖ್ಯ ನಿರ್ಮಾತೃವು ದುರಸ್ತಿಗಾರನ ಪ್ರಮಾಣಪತ್ರವನ್ನು ಪಡೆದು, ಆ ಒಂದು ವಿಮಾನದ ವಾರ್ಷಿಕ ತಪಾಸಣೆಯನ್ನು ಸ್ವತಃ ನಡೆಸಬಹುದು. ಈ ಅಧಿಕಾರವು ವಿಮಾನದೊಡನೆ ಮಾರಾಟವಾಗುವುದಿಲ್ಲ.

ಭಾರತದಲ್ಲಿ: ಭಾರತವು ಷಿಕಾಗೋ ಒಡಂಬಡಿಕೆಗೆ ಸೇರಿದ ರಾಷ್ಟ್ರ; ಇಲ್ಲಿಯ ನಾಗರಿಕ ವಿಮಾನಗಳು ವಿಟಿ ಎಂಬ ರಾಷ್ಟ್ರಚಿಹ್ನೆಯನ್ನು ಧರಿಸುತ್ತವೆ. ಸ್ವನಿರ್ಮಿತ ವಿಮಾನಗಳ ಪರಂಪರೆ ಇಲ್ಲಿ ಇನ್ನೂ ಎಳೆಯದು. ಮುಂಬಯಿಯ ವಿಮಾನಚಾಲಕ ಅಮೋಲ್ ಯಾದವರು ತಮ್ಮ ವಸತಿಗೃಹದ ಮಾಳಿಗೆಯ ಮೇಲೆ ಕಟ್ಟಿದ ಆರು ಆಸನಗಳ ವಿಮಾನವು ದೀರ್ಘಕಾಲದ ಪ್ರಯತ್ನದ ತರುವಾಯ 2017ರಲ್ಲಿ ನೋಂದಣಿ ಪಡೆದದ್ದು ಈ ದಿಸೆಯಲ್ಲಿ ಗಮನಾರ್ಹ ಸಂಗತಿ. ಕರ್ನಾಟಕಕ್ಕೂ ಈ ಕಲೆಯೊಡನೆ ಸಂಬಂಧವಿದೆ: ಅಮೆರಿಕದ ಹವ್ಯಾಸಿಗಳಿಗಾಗಿ ಬರ್ಟ್ ರಟಾನ್ ರಚಿಸಿದ ಲಾಂಗ್-ಇಝಿ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಹಗುರ ಸಂಶೋಧನಾ ವಿಮಾನವೊಂದನ್ನು ನಿರ್ಮಿಸಿ 1987ರಲ್ಲಿ ಹಾರಿಸಿತು, ಸಂಯುಕ್ತ ವಸ್ತುಗಳಿಂದ ವಿಮಾನ ಕಟ್ಟುವ ಅನುಭವವನ್ನು ಅದು ತಂದುಕೊಟ್ಟಿತು. ಅದೇ ಸಂಸ್ಥೆಯ ಎರಡು ಆಸನಗಳ ಹಂಸ ವಿಮಾನವು ತರುವಾಯ 1993ರಲ್ಲಿ ಮೊದಲ ಬಾರಿಗೆ ಹಾರಿತು.

ಮಹತ್ವ: ಕಾರ್ಖಾನೆಯಲ್ಲಿ ತಯಾರಾದ ವಿಮಾನವೊಂದು ಸುಟ್ಟು ಚೂರಾದರೆ, ಅದರ ನೂರಾರು ಭಾಗಗಳ ಮೇಲಿನ ಸಂಖ್ಯೆಗಳ ಪೈಕಿ ಯಾವುದಾದರೊಂದು ಸಿಕ್ಕಿ ಅದರ ಮೂಲವನ್ನು ಹೇಳಬಲ್ಲದು. ಹವ್ಯಾಸಿಯ ವಿಮಾನದಲ್ಲಿ ಅನೇಕ ಭಾಗಗಳು ಸಂಖ್ಯೆಯಿಲ್ಲದವು. ಒಂದೇ ಕಿಟ್ಟಿನಿಂದ ಹೊರಟ ಎರಡು ವಿಮಾನಗಳೂ ಎಂಜಿನ್ನಿನಲ್ಲಿ, ಉಪಕರಣಗಳಲ್ಲಿ, ಕಟ್ಟಿದವನ ಕೈಚಳಕದಲ್ಲಿ ಪರಸ್ಪರ ಭಿನ್ನವಾಗಿರುತ್ತವೆ. ಅಂಥ ಯಂತ್ರದ ಅಪಘಾತವನ್ನು ತನಿಖೆ ಮಾಡುವವನು ಮಾದರಿಯ ಹೆಸರೊಂದನ್ನೇ ತಿಳಿದು ಮುಂದುವರಿಯಲಾರನು. ಈ ಯಂತ್ರವನ್ನು ಯಾರು ಕಟ್ಟಿದರು, ಅವರ ನಿರ್ಮಾಣದ ದಿನಚರಿಯಲ್ಲಿ ಏನಿದೆ, ಯಾವ ಮಾರ್ಪಾಟು ನಡೆದಿತ್ತು ಎಂಬುದನ್ನು ಅವನು ಹುಡುಕಬೇಕು. ಆ ಹುಡುಕಾಟದ ಮೊದಲನೆಯ ಸುಳಿವನ್ನು ಕೊಡುವುದು ಈ ಫಲಕ. ಆದುದರಿಂದ ಇದನ್ನು ಕಚೇರಿಯ ಕಿರುಕುಳವೆಂದು ಎಣಿಸಿ, ಪರಿಶೀಲನೆಯ ಹಿಂದಿನ ರಾತ್ರಿ ಅವಸರದಲ್ಲಿ ಅಂಟಿಸಿ ಮುಗಿಸುವುದು ಸಲ್ಲದು. ರೆಕ್ಕೆಯ ಮುಖ್ಯ ತೊಲೆಯನ್ನು ಜೋಡಿಸುವಾಗ ತೋರುವ ಶ್ರದ್ಧೆಯನ್ನೇ ನಿರ್ಮಾತೃವು ಇಲ್ಲಿಯೂ ತೋರಬೇಕು. ತನ್ನ ಕೆಲಸಕ್ಕೆ ತಾನೇ ಹೊಣೆಯೆಂದು ಒಪ್ಪಿಕೊಳ್ಳಲು ಸಿದ್ಧನಿರುವವನಿಗೆ ಮಾತ್ರ ಸ್ವಂತ ವಿಮಾನ ಕಟ್ಟಿ ಹಾರಿಸುವ ಸ್ವಾತಂತ್ರ್ಯವು ನ್ಯಾಯವಾಗಿ ಸಲ್ಲುತ್ತದೆ.